ಉಸಿರು ಬಿಡಿಸುವ ಮದ್ದು, ಅದು ಮರೆಸುವ ಊತ



ಉಬ್ಬಸ ಇರುವವರ ಮನೆಗಳಲ್ಲಿ ಇನ್‌ಹೇಲರ್ ಬಗ್ಗೆ ಎರಡು ಮಾತು ಸದಾ ಕೇಳಿಬರುತ್ತವೆ. ‘ಪಂಪು ಒಮ್ಮೆ ಹಿಡಿದರೆ ಬಿಡೋಕಾಗಲ್ಲ’ ಎಂಬುದು ಒಂದು, ‘ಅದರಿಂದ ಎದೆ ಕೆಡುತ್ತೆ’ ಎಂಬುದು ಇನ್ನೊಂದು. ಮಗಳ ಮದುವೆಯ ಮಾತುಕತೆ ನಡೆಯುವಾಗ ಅದನ್ನು ಬಚ್ಚಿಡುತ್ತಾರೆ. ಶಾಲೆಗೆ ಹೋಗುವ ಮಗುವಿನ ಚೀಲದಿಂದ ತೆಗೆದಿಡುತ್ತಾರೆ. ವೈದ್ಯರಲ್ಲಿ ಅನೇಕರು ಈ ಭಯವನ್ನು ತಿಳಿವಳಿಕೆಯ ಕೊರತೆ ಎಂದುಕೊಂಡು, ‘ಏನೂ ಆಗಲ್ಲ, ತಗೊಳ್ಳಿ’ ಎಂದು ಮುಂದಿನ ರೋಗಿಯನ್ನು ಕರೆಯುತ್ತಾರೆ. ಈ ಎರಡು ನಿಲುವುಗಳೂ ಸಾಲವು. ಉಸಿರಾಟದ ಮೂಲಕ ತೆಗೆದುಕೊಳ್ಳುವ, ಶ್ವಾಸನಾಳವನ್ನು ಹಿಗ್ಗಿಸುವ ಔಷಧಿಗಳಿಗೆ ಅಡ್ಡಪರಿಣಾಮಗಳು ಖಂಡಿತ ಇವೆ. ಆದರೆ ನಮ್ಮ ಜನ ಹೆದರುತ್ತಿರುವ ಪರಿಣಾಮಗಳು ಬಹುಪಾಲು ತಾತ್ಕಾಲಿಕವಾದವು, ಪ್ರಾಣಕ್ಕೆ ಎರವಾಗದಂಥವು. ಪ್ರಾಣಕ್ಕೆ ಎರವಾಗುವ ಪರಿಣಾಮ ಬೇರೆಯೇ ಇದೆ. ಅದು ನೋವಾಗಿಯೋ ನಡುಕವಾಗಿಯೋ ಬರುವುದಿಲ್ಲ, ಹಾಯಾದ ಉಸಿರಾಗಿ ಬರುತ್ತದೆ. ಆದ್ದರಿಂದಲೇ ಯಾರೂ ಅದನ್ನು ಅಡ್ಡಪರಿಣಾಮವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವೈದ್ಯಶಾಸ್ತ್ರ ಇದನ್ನು ಅರಿಯಲು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಅದಕ್ಕೆ ಸಾವಿರಾರು ಜೀವಗಳ ಬೆಲೆ ತೆರಬೇಕಾಯಿತು.

ಮೊದಲು ಕಣ್ಣಿಗೆ ಕಾಣುವ ಪರಿಣಾಮಗಳನ್ನು ನೋಡೋಣ. ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದ ನೀಲಿ ಇನ್‌ಹೇಲರ್‌ನಲ್ಲಿರುವುದು ಸಾಲ್ಬುಟಮಾಲ್. ಶ್ವಾಸನಾಳದ ಸುತ್ತಲಿನ ಸ್ನಾಯುಗಳ ಮೇಲೆ ಬೀಟಾ-2 ಎಂಬ ಗ್ರಾಹಕಗಳಿವೆ. ಔಷಧಿ ಅವನ್ನು ಮುಟ್ಟಿದರೆ ಬಿಗಿದುಕೊಂಡ ಸ್ನಾಯು ಐದು ನಿಮಿಷದೊಳಗೆ ಸಡಿಲವಾಗುತ್ತದೆ, ನಾಲ್ಕರಿಂದ ಆರು ಗಂಟೆ ಹಾಗೆಯೇ ಇರುತ್ತದೆ. ತೊಡಕೆಂದರೆ ಇವೇ ಗ್ರಾಹಕಗಳು ಕೈಕಾಲುಗಳ ಸ್ನಾಯುಗಳಲ್ಲೂ ರಕ್ತನಾಳಗಳಲ್ಲೂ ಒಂದಿಷ್ಟು ಹೃದಯದಲ್ಲೂ ಇವೆ. ಆದ್ದರಿಂದ ಬೆರಳು ನಡುಗುತ್ತವೆ, ಎದೆ ಡವಡವ ಎನ್ನುತ್ತದೆ, ಕೆಲವರಿಗೆ ತಲೆನೋವು, ಮೀನಖಂಡದಲ್ಲಿ ಸೆಳೆತ. ಎರಡು ಪಫ್ ಎಳೆದವರಲ್ಲಿ ಇದು ಸ್ವಲ್ಪ ಹೊತ್ತಿನ ಮಾತು. ಇದಕ್ಕಿಂತ ಗಮನ ಕೊಡಬೇಕಾದದ್ದು ರಕ್ತದ ಪೊಟ್ಯಾಸಿಯಂ. ಈ ಔಷಧಿ ಪೊಟ್ಯಾಸಿಯಂ ಅನ್ನು ರಕ್ತದಿಂದ ಜೀವಕೋಶಗಳೊಳಕ್ಕೆ ತಳ್ಳುತ್ತದೆ. ಮೂತ್ರಪಿಂಡ ಸೋತವರಲ್ಲಿ ಅಪಾಯದ ಮಟ್ಟಕ್ಕೆ ಏರಿದ ಪೊಟ್ಯಾಸಿಯಂ ಇಳಿಸಲು ಆಸ್ಪತ್ರೆಗಳಲ್ಲಿ ನೆಬ್ಯುಲೈಸರ್ ಮೂಲಕ 10ರಿಂದ 20 ಮಿಲಿಗ್ರಾಂ ಸಾಲ್ಬುಟಮಾಲ್ ಕೊಡುವ ಪದ್ಧತಿಯೇ ಇದೆ ಎಂದರೆ ಈ ಗುಣ ಎಷ್ಟು ನಿಜವೆಂದು ತಿಳಿಯುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರುವ ಮುದುಕರಿಗೆ ಮೇಲಿಂದ ಮೇಲೆ ನೆಬ್ಯುಲೈಸರ್ ಹಾಕಿ, ಜೊತೆಗೆ ಸ್ಟಿರಾಯ್ಡ್ ಇಂಜೆಕ್ಷನ್ನೂ ಕೊಟ್ಟರೆ ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪಬಹುದು. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಿನ ಪ್ರಮಾಣ ಸಕ್ಕರೆಯನ್ನೂ ಏರಿಸುತ್ತದೆ. ಬಹಳ ವಿರಳವಾಗಿ, ಮದ್ದು ಎಳೆದ ತಕ್ಷಣ ನಾಳ ಹಿಗ್ಗುವ ಬದಲು ಇನ್ನಷ್ಟು ಬಿಗಿಯುವುದೂ ಉಂಟು. ಹಾಗಾದವರು ಆ ಇನ್‌ಹೇಲರನ್ನು ಮತ್ತೆ ಮುಟ್ಟದೆ ವೈದ್ಯರ ಬಳಿ ಹೋಗಬೇಕು.

ಇನ್ನೊಂದು ಕುಲದ ಔಷಧಿಗಳೂ ಇವೆ: ಇಪ್ರಾಟ್ರೋಪಿಯಂ, ಟಿಯೋಟ್ರೋಪಿಯಂ. ಇವುಗಳ ಪೂರ್ವಜ ನಮ್ಮ ಹಿತ್ತಿಲಿನ ದತ್ತೂರಿ. ಅದರ ಹೊಗೆ ಎಳೆದು ದಮ್ಮು ಇಳಿಸಿಕೊಳ್ಳುವ ರೂಢಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮದರಾಸಿನಿಂದಲೇ ಬ್ರಿಟನ್ನಿಗೆ ಹೋಯಿತು. ದತ್ತೂರಿ ತಿಂದರೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಮೂತ್ರ ಕಟ್ಟುವುದನ್ನು ಹಳ್ಳಿಯವರು ಬಲ್ಲರು; ಈ ಇನ್‌ಹೇಲರ್‌ಗಳಲ್ಲೂ ಅದೇ ಗುಣ ತೀರಾ ಸೌಮ್ಯವಾಗಿ ಕಾಣುತ್ತದೆ. ಬಾಯಿ ಒಣಗುವುದು ಸಾಮಾನ್ಯ. ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರು ಮೂತ್ರ ಕಟ್ಟಿದಂತಾದರೆ ಹೇಳಬೇಕು. ನೆಬ್ಯುಲೈಸರ್‌ನ ಮಾಸ್ಕ್ ಸಡಿಲವಾಗಿ ಮದ್ದಿನ ಮಂಜು ಕಣ್ಣಿಗೆ ಬಿದ್ದರೆ ಗ್ಲಾಕೋಮಾ ಇರುವವರಿಗೆ ಕಣ್ಣಿನ ಒತ್ತಡ ಥಟ್ಟನೆ ಏರಬಹುದು.

‘ಹಾಗಾದರೆ ಮಾತ್ರೆಯೇ ವಾಸಿಯಲ್ಲವೇ?’ ಎಂದು ಕೇಳುವವರಿದ್ದಾರೆ. ಪಂಪಿಗೆ ಹೆದರಿದ ಮನೆಗಳು ಮಾಡಿಕೊಂಡಿರುವ ಏರ್ಪಾಡೂ ಅದೇ. ಇಲ್ಲಿ ಲೆಕ್ಕ ಹಾಕಬೇಕು. ಸಾಲ್ಬುಟಮಾಲ್ ಇನ್‌ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಮದ್ದಿದೆ. ಅದೇ ಔಷಧಿಯ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ, ಅಂದರೆ ನಲವತ್ತು ಪಫ್‌ನಷ್ಟು. ಮಗುವಿಗೆ ಕುಡಿಸುವ ಒಂದು ಚಮಚ ಸಿರಪ್‌ನಲ್ಲಿ 2 ಮಿಲಿಗ್ರಾಂ, ಇಪ್ಪತ್ತು ಪಫ್. ಇನ್‌ಹೇಲರ್‌ನ ಮದ್ದು ನೇರವಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ; ಮಾತ್ರೆಯದು ಹೊಟ್ಟೆ, ಯಕೃತ್ತು, ರಕ್ತ ಎಲ್ಲವನ್ನೂ ಸುತ್ತಿ, ಕೈ ನಡುಗಿಸಿ, ಎದೆ ಬಡಿಸಿ, ಕೊನೆಗೆ ಎದೆಗೂಡಿನ ನಾಳಗಳಿಗೆ ತಡವಾಗಿ ಸೇರುತ್ತದೆ. ಪಂಪಿನಿಂದ ಎದೆ ಕೆಡುತ್ತದೆಂದು ಮಾತ್ರೆ ನುಂಗುವವರು ತಾವು ಹೆದರಿದ್ದನ್ನೇ ಹಲವು ಪಟ್ಟು ಹೆಚ್ಚಿಸಿಕೊಂಡಿರುತ್ತಾರೆ. ಥಿಯೋಫಿಲಿನ್ ಗುಂಪಿನ ಮಾತ್ರೆಗಳ ಕಥೆ ಇನ್ನೂ ಗಂಭೀರ. ಅವು ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಬಹಳ ಕಡಿಮೆ. ಜ್ವರಕ್ಕೆಂದು ಸಿಪ್ರೋಫ್ಲಾಕ್ಸಾಸಿನ್ ಅಥವಾ ಎರಿಥ್ರೋಮೈಸಿನ್ ಸೇರಿಸಿಬಿಟ್ಟರೆ ರಕ್ತದಲ್ಲಿ ಅದರ ಮಟ್ಟ ಏರಿ ವಾಂತಿಯಿಂದ ಹಿಡಿದು ಫಿಟ್ಸ್‌ವರೆಗೂ ಹೋಗಬಹುದು. ಇಷ್ಟು ಹೇಳಿದ ಮೇಲೆ ಇನ್‌ಹೇಲರನ್ನು ಸಮರ್ಥಿಸಿ ಉಪನ್ಯಾಸ ಮುಗಿಸಬಹುದಿತ್ತು. ಆದರೆ ನನ್ನ ಮುಖ್ಯ ಮಾತು ಇನ್ನೂ ಬಂದಿಲ್ಲ.

ಅಸ್ತಮಾದಲ್ಲಿ ಸ್ನಾಯು ಬಿಗಿಯುವುದು ಕಾಯಿಲೆಯ ಮೇಲ್ಪದರ ಮಾತ್ರ. ಕೆಳಗೆ, ಶ್ವಾಸನಾಳದ ಒಳಗೋಡೆಯಲ್ಲಿ ಉರಿಯೂತವಿದೆ: ಗೋಡೆ ಬಾತು ದಪ್ಪವಾಗುತ್ತದೆ, ಅಂಟು ಕಫ ಒಸರುತ್ತದೆ. ಸಾಲ್ಬುಟಮಾಲ್ ಈ ಊತವನ್ನು ಮುಟ್ಟುವುದೇ ಇಲ್ಲ. ಕಾಲುವೆಯಲ್ಲಿ ಹೂಳು ಹಾಗೆಯೇ ಇರಗೊಟ್ಟು ತೂಬನ್ನಷ್ಟೇ ಮೇಲೆತ್ತಿದರೆ ಒಂದು ಹೊತ್ತಿಗೆ ನೀರು ಹರಿದೀತು, ಹೂಳು ಮಾತ್ರ ದಿನದಿನಕ್ಕೂ ಕೂಡುತ್ತಲೇ ಇರುತ್ತದೆ. ರೋಗಿ ಎರಡು ಪಫ್ ಎಳೆಯುತ್ತಾನೆ, ಉಸಿರು ಬರುತ್ತದೆ, ಕೆಲಸಕ್ಕೆ ಹೋಗುತ್ತಾನೆ. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆಯಾಗುತ್ತದೆ, ಆಮೇಲೆ ದಿನಕ್ಕೆ ನಾಲ್ಕು ಸಲ. ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ನಡೆಯುತ್ತದೆ. ಸತತವಾಗಿ ಬಳಸಿದರೆ ಗ್ರಾಹಕಗಳು ಮಂದವಾಗುತ್ತವೆ. ಕೆಲವು ವಾರಗಳಲ್ಲಿ ಕೈ ನಡುಕ ನಿಲ್ಲುತ್ತದೆ. ‘ಮೈಗೆ ಒಗ್ಗಿತು’ ಎಂದು ರೋಗಿ ಸಮಾಧಾನಪಡುತ್ತಾನೆ. ಆದರೆ ಧೂಳು, ವ್ಯಾಯಾಮ, ಪರಾಗಗಳಿಂದ ನಾಳ ಬಿಗಿಯದಂತೆ ತಡೆಯುತ್ತಿದ್ದ ರಕ್ಷಣೆಯೂ ಅದರೊಂದಿಗೇ ಕುಗ್ಗಿರುತ್ತದೆ. ಅಡ್ಡಪರಿಣಾಮ ಮಾಯವಾಯಿತೆಂದು ನೆಮ್ಮದಿಯಾಗುವ ಹೊತ್ತಿಗೇ ಅಪಾಯ ಹತ್ತಿರವಾಗಿರುತ್ತದೆ. ನಾನು ಆರಂಭದಲ್ಲಿ ಹೇಳಿದ, ಹಾಯಾದ ಉಸಿರಿನ ವೇಷದಲ್ಲಿ ಬರುವ ಪರಿಣಾಮ ಇದು.

ಇದಕ್ಕೆ ಸಾಕ್ಷಿ ಇತಿಹಾಸದಲ್ಲಿದೆ. ಒತ್ತಿದರೆ ಅಳತೆಯ ಮದ್ದು ಚಿಮ್ಮುವ ಇನ್‌ಹೇಲರ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಆಗ ಅದರಲ್ಲಿದ್ದದ್ದು ಹೃದಯವನ್ನೂ ನಾಳವನ್ನೂ ಭೇದವಿಲ್ಲದೆ ಕೆಣಕುವ ಅಡ್ರಿನಲಿನ್, ಐಸೊಪ್ರಿನಲಿನ್. 1960ರ ದಶಕದ ಮೊದಲ ವರ್ಷಗಳಿಂದ ಇಂಗ್ಲೆಂಡಿನಲ್ಲಿ ಅಸ್ತಮಾದಿಂದ ಸಾಯುವವರು, ಅದರಲ್ಲೂ ಹದಿವಯಸ್ಸಿನ ಮಕ್ಕಳು, ಹೆಚ್ಚುತ್ತಾ ಹೋದರು. 10ರಿಂದ 14 ವರ್ಷದವರಲ್ಲಿ ಸಾವಿನ ಪ್ರಮಾಣ ಏಳೆಂಟು ಪಟ್ಟು ಏರಿತು. ಸ್ಪೈಜರ್, ಡಾಲ್ ಮತ್ತು ಹೀಫ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ಬೆರಳು ತೋರಿದ್ದು ಹೊಸ ಇನ್‌ಹೇಲರ್‌ಗಳ ಕಡೆಗೆ. ಅವು ಅಲ್ಲಿಯವರೆಗೂ ಚೀಟಿಯಿಲ್ಲದೆ ಸಿಗುತ್ತಿದ್ದವು. ಎಚ್ಚರಿಕೆ ಹೊರಬಿದ್ದು, ಚೀಟಿ ಕಡ್ಡಾಯವಾಗಿ, ಮಾರಾಟ ಇಳಿದಂತೆ ಸಾವುಗಳೂ ಇಳಿದವು. 1972ರಲ್ಲಿ ಪಾಲ್ ಸ್ಟಾಲಿ ಎಂಬ ಸಂಶೋಧಕರು ಇನ್ನೊಂದು ಅಂಶ ಗಮನಿಸಿದರು. ಸಾಮಾನ್ಯಕ್ಕಿಂತ ಐದು ಪಟ್ಟು ಪ್ರಬಲವಾದ ‘ಫೋರ್ಟೆ’ ಐಸೊಪ್ರಿನಲಿನ್ ಮಾರಾಟವಾದ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಾರ್ವೆಗಳಲ್ಲಿ ಸಾವು ಏರಿತ್ತು. ಅದು ಮಾರಾಟವಾಗದ ಅಮೆರಿಕ, ಕೆನಡಾಗಳಲ್ಲಿ ಏರಿರಲಿಲ್ಲ.

ಅಷ್ಟರಲ್ಲಿ ಡೇವಿಡ್ ಜ್ಯಾಕ್ ಅವರ ತಂಡ ರೂಪಿಸಿದ ಸಾಲ್ಬುಟಮಾಲ್ 1969ರಲ್ಲಿ ಬ್ರಿಟನ್ನಿನಲ್ಲಿ ಬಂದಿತ್ತು. ಹೃದಯವನ್ನು ಅಷ್ಟಾಗಿ ಕೆಣಕದೆ ಶ್ವಾಸನಾಳವನ್ನು ಹಿಗ್ಗಿಸುವ ಮದ್ದು ಸಿಕ್ಕಿತು, ಇನ್ನು ಭಯವಿಲ್ಲ ಎಂಬ ಭಾವನೆ ಹರಡಿತು. ಆದರೆ 1976ರಲ್ಲಿ ನ್ಯೂಜಿಲೆಂಡಿಗೆ ಫೆನೊಟೆರಾಲ್ ಎಂಬ ಇನ್ನೊಂದು ಬೀಟಾ ಔಷಧಿ ಬಂದ ಬೆನ್ನಿಗೇ ಅಲ್ಲಿ ಅಸ್ತಮಾ ಸಾವುಗಳು ಮತ್ತೆ ಏರತೊಡಗಿದವು. ವೆಲಿಂಗ್ಟನ್‌ನ ಜೂಲಿಯನ್ ಕ್ರೇನ್, ನೀಲ್ ಪಿಯರ್ಸ್, ರಿಚರ್ಡ್ ಬೀಸ್ಲಿ ಮೊದಲಾದವರು ಸತ್ತ 117 ಮಂದಿಯ ಔಷಧಿ ವಿವರಗಳನ್ನು ಬದುಕಿರುವ ರೋಗಿಗಳೊಂದಿಗೆ ಹೋಲಿಸಿ, ಸಾವಿಗೂ ಫೆನೊಟೆರಾಲ್ ಬಳಕೆಗೂ ಸಂಬಂಧವಿದೆಯೆಂದು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ವಿವಾದವೇ ಎದ್ದಿತು. ಆಕ್ಷೇಪ ತೂಕದ್ದೇ ಆಗಿತ್ತು: ಹೆಚ್ಚು ಕಾಯಿಲೆಯವರೇ ಹೆಚ್ಚು ಮದ್ದು ಬಳಸುತ್ತಾರೆ, ಹೆಚ್ಚು ಕಾಯಿಲೆಯವರೇ ಸಾಯುತ್ತಾರೆ, ಇದರಲ್ಲಿ ಮದ್ದಿನ ತಪ್ಪೇನು? ಇವತ್ತಿಗೂ ಈ ಪ್ರಶ್ನೆಯನ್ನು ಹಗುರವಾಗಿ ಬಿಡಬಾರದು. ಆದರೆ ಕಾಯಿಲೆಯ ತೀವ್ರತೆಯೇ ಕಾರಣವಾಗಿದ್ದರೆ, ತೀವ್ರ ಕಾಯಿಲೆಯವರನ್ನಷ್ಟೇ ಪ್ರತ್ಯೇಕವಾಗಿ ಹೋಲಿಸಿದಾಗ ಸಂಬಂಧ ಕರಗಬೇಕಿತ್ತು. ಅದು ಇನ್ನಷ್ಟು ಗಟ್ಟಿಯಾಯಿತು. ಸರ್ಕಾರ ಫೆನೊಟೆರಾಲ್ ಬಳಕೆಗೆ ಕಡಿವಾಣ ಹಾಕಿದ ಮೇಲೆ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಕುಸಿಯಿತು. ಅದೇ ಕಾಲದಲ್ಲಿ ಊತ ಇಳಿಸುವ ಸ್ಟಿರಾಯ್ಡ್ ಇನ್‌ಹೇಲರ್ ಬಳಕೆಯೂ ಬೆಳೆಯುತ್ತಿತ್ತು ಎಂದು ಕೆಲವರು ಹೇಳಿದರು. ನಿಜ, ಆದರೆ ಅದು ವರ್ಷವರ್ಷವೂ ಮೆಲ್ಲನೆ ಏರುತ್ತಿದ್ದದ್ದು. ಸಾವುಗಳು ಇಳಿದದ್ದು ಒಮ್ಮೆಲೇ. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ 12,301 ರೋಗಿಗಳ ದಾಖಲೆ ಆಧರಿಸಿ 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಿಂಗಳಿಗೆ ಬಳಸುವ ಇನ್‌ಹೇಲರ್ ಹೆಚ್ಚಿದಂತೆ ಸಾವಿನ ಸಂಭವವೂ ಹೆಚ್ಚಿತು. ಫೆನೊಟೆರಾಲ್‌ನಲ್ಲಿ ಅದು ಜಾಸ್ತಿ, ಸಾಲ್ಬುಟಮಾಲ್‌ನಲ್ಲಿ ಕಡಿಮೆ, ಆದರೆ ಸಾಲ್ಬುಟಮಾಲ್‌ನಲ್ಲಿಯೂ ಇತ್ತು. ಒಂದು ಕೆಟ್ಟ ಔಷಧಿಯನ್ನು ತೆಗೆದುಹಾಕಿದರೆ ಮುಗಿಯುವ ಸಮಸ್ಯೆ ಇದಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಗಬೇಕಿತ್ತು.

ಆಕ್ಷೇಪಕ್ಕೆ ಇನ್ನೂ ಬಲವಾದ ಉತ್ತರ ಬಂದದ್ದು ದೀರ್ಘಕಾಲ ಕೆಲಸ ಮಾಡುವ ಸಾಲ್ಮೆಟರಾಲ್‌ನಿಂದ. ಅಮೆರಿಕದಲ್ಲಿ 1996ರಿಂದ ನಡೆದ ‘ಸ್ಮಾರ್ಟ್’ ಪ್ರಯೋಗದಲ್ಲಿ 26 ಸಾವಿರಕ್ಕೂ ಹೆಚ್ಚು ಅಸ್ತಮಾ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿದ್ದರು. ಹೀಗೆ ವಿಂಗಡಿಸಿದಾಗ ‘ಹೆಚ್ಚು ಕಾಯಿಲೆಯವರೇ ಹೆಚ್ಚು ಬಳಸಿದರು’ ಎಂಬ ವಾದಕ್ಕೆ ಜಾಗವಿಲ್ಲ. ಅಸ್ತಮಾದಿಂದ ಸತ್ತವರು ಸಾಲ್ಮೆಟರಾಲ್ ಗುಂಪಿನಲ್ಲಿ 13, ಇನ್ನೊಂದರಲ್ಲಿ 3. ಪ್ರಯೋಗಕ್ಕೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ಟಿರಾಯ್ಡ್ ಇನ್‌ಹೇಲರ್ ಬಳಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಅಮೆರಿಕದ ಔಷಧ ನಿಯಂತ್ರಕರು ಪೊಟ್ಟಣದ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿ, ಕಂಪನಿಗಳಿಂದ ಹೊಸ ಪ್ರಯೋಗಗಳನ್ನು ಮಾಡಿಸಿದರು. ಈ ಸಲ ನಾಳ ಹಿಗ್ಗಿಸುವ ಮದ್ದನ್ನು ಊತ ಇಳಿಸುವ ಸ್ಟಿರಾಯ್ಡ್ ಜೊತೆಗೆ ಒಂದೇ ಇನ್‌ಹೇಲರ್‌ನಲ್ಲಿ ಕೊಡಲಾಯಿತು. ನಾಲ್ಕು ಪ್ರಯೋಗಗಳು, ಒಟ್ಟು 41,297 ರೋಗಿಗಳು. ಸ್ಟಿರಾಯ್ಡ್ ಒಂದನ್ನೇ ಪಡೆದವರಿಗೆ ಹೋಲಿಸಿದರೆ ಗಂಭೀರ ಅಪಾಯ ಹೆಚ್ಚಲಿಲ್ಲ. 2017ರ ಡಿಸೆಂಬರ್‌ನಲ್ಲಿ ಜೋಡಿ ಇನ್‌ಹೇಲರ್‌ಗಳ ಮೇಲಿನ ಎಚ್ಚರಿಕೆಯನ್ನು ತೆಗೆದರು. ನನ್ನ ವಾದದ ಬೆನ್ನೆಲುಬು ಈ ಎರಡು ಸಲದ ಪ್ರಯೋಗಗಳ ನಡುವಿನ ವ್ಯತ್ಯಾಸದಲ್ಲಿದೆ. ಔಷಧಿ ಅದೇ ವರ್ಗದ್ದು, ಕಾಯಿಲೆ ಅದೇ. ಊತಕ್ಕೆ ಮದ್ದಿಲ್ಲದೆ ನಾಳವನ್ನಷ್ಟೇ ಹಿಗ್ಗಿಸಿದಾಗ ಸಾವು ಕಾಣಿಸಿಕೊಂಡಿತು, ಊತಕ್ಕೂ ಮದ್ದು ಸೇರಿಸಿದಾಗ ಕಾಣಲಿಲ್ಲ. ಸ್ಟಿರಾಯ್ಡ್ ಇನ್‌ಹೇಲರ್ ವರ್ಷದಲ್ಲಿ ಒಂದೊಂದು ಹೆಚ್ಚು ಬಳಸಿದಷ್ಟೂ ಸಾವಿನ ಪ್ರಮಾಣ ಶೇ 21ರಷ್ಟು ಕಡಿಮೆಯಾಗುತ್ತದೆಂದು ಸಸ್ಕಾಚೆವನ್‌ನ ದಾಖಲೆಗಳಿಂದಲೇ ಸುಯಿಸ್ಸಾ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದ್ದರು.

ಇಷ್ಟೆಲ್ಲ ತಿಳಿದ ಮೇಲೂ ಚಿಕಿತ್ಸೆಯ ರೂಢಿ ಬದಲಾಗಲಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಬ್ರಿಟನ್ನಿನಲ್ಲಿ ಅಸ್ತಮಾ ಸಾವುಗಳ ರಾಷ್ಟ್ರೀಯ ಪರಿಶೀಲನೆ 2014ರಲ್ಲಿ ಹೊರಬಂತು. ವಿವರ ಸಿಕ್ಕ 165 ಮಂದಿಯಲ್ಲಿ 65 ಜನ ಸಾಯುವ ಹಿಂದಿನ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ನೀಲಿ ಇನ್‌ಹೇಲರ್ ಬರೆಸಿಕೊಂಡಿದ್ದರು. ಆರು ಜನ ಐವತ್ತಕ್ಕಿಂತ ಹೆಚ್ಚು. ಪ್ರತಿ ಚೀಟಿಯನ್ನೂ ಒಬ್ಬರು ಬರೆದಿದ್ದಾರೆ, ಪ್ರತಿ ಡಬ್ಬಿಯನ್ನೂ ಒಬ್ಬರು ಕೊಟ್ಟಿದ್ದಾರೆ, ಎಣಿಸಿದವರು ಮಾತ್ರ ಇಲ್ಲ. ಕೊನೆಗೂ 2019ರಲ್ಲಿ ‘ಜಿನಾ’ ಎಂದು ಕರೆಯುವ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗದರ್ಶಿ, ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲ್ ಒಂದನ್ನೇ ಚಿಕಿತ್ಸೆಯಾಗಿ ಕೊಡಬಾರದೆಂದು ಹೇಳಿತು. ಬದಲಿಗೆ ಬುಡೆಸೊನೈಡ್ ಎಂಬ ಸ್ಟಿರಾಯ್ಡ್ ಮತ್ತು ಬೇಗನೆ ಕೆಲಸ ಮಾಡುವ ಫಾರ್ಮೊಟೆರಾಲ್ ಸೇರಿದ ಇನ್‌ಹೇಲರನ್ನು, ಉಸಿರು ಕಟ್ಟಿದಾಗಲೂ ಎಳೆಯಬಹುದಾದ ಮದ್ದಾಗಿ ಸೂಚಿಸಿತು. ಇದನ್ನು ಬೆಂಬಲಿಸಿದ ಪ್ರಯೋಗಗಳಲ್ಲೊಂದು ಅದೇ ವರ್ಷ ಪ್ರಕಟವಾದ ‘ನಾವೆಲ್ ಸ್ಟಾರ್ಟ್’. ಸೌಮ್ಯ ಅಸ್ತಮಾದ 668 ಜನರಲ್ಲಿ, ಬೇಕಾದಾಗ ಸಾಲ್ಬುಟಮಾಲ್ ಎಳೆದವರಿಗಿಂತ ಬೇಕಾದಾಗ ಜೋಡಿ ಮದ್ದು ಎಳೆದವರಿಗೆ ಕಾಯಿಲೆ ಉಲ್ಬಣಿಸಿದ ಪ್ರಮಾಣ ಅರ್ಧಕ್ಕಿಂತ ಕಡಿಮೆ. ಅದರ ಮುಂದಾಳು ರಿಚರ್ಡ್ ಬೀಸ್ಲಿ. ಅದಕ್ಕೂ ಮೂವತ್ತು ವರ್ಷ ಹಿಂದೆ ಫೆನೊಟೆರಾಲ್ ಸಾವುಗಳನ್ನು ಬಯಲಿಗೆಳೆದ ತಂಡದಲ್ಲಿದ್ದವರು. ಅಂಥ ಪಟ್ಟು ಹಿಡಿದ ದುಡಿಮೆಗೆ ನನ್ನ ಗೌರವವಿದೆ.

ನಮ್ಮ ದೇಶಕ್ಕೆ ಬಂದರೆ, 2019ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಇದು ಶೇ 13ರಷ್ಟು. ಅಸ್ತಮಾ ಸಾವುಗಳಲ್ಲಿ ಮಾತ್ರ ನಮ್ಮ ಪಾಲು ಶೇ 40ಕ್ಕೂ ಹೆಚ್ಚು. ಬೆಂಗಳೂರಿನ ಮಕ್ಕಳಲ್ಲಿ ಅಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5ಕ್ಕೆ ಮುಟ್ಟಿತ್ತೆಂದು ಡಾ. ಎಚ್. ಪರಮೇಶ್ ಅವರ ಅಧ್ಯಯನಗಳು ದಾಖಲಿಸಿವೆ. ಇಷ್ಟು ಜನರಲ್ಲಿ ಊತ ಇಳಿಸುವ ಇನ್‌ಹೇಲರನ್ನು ದಿನವೂ ಬಳಸುವವರು ತೀರಾ ಕಡಿಮೆ. ಇಲ್ಲಿ ಎದ್ದೇಳುವ ಆಕ್ಷೇಪ ಹಣದ್ದು: ನೀಲಿ ಇನ್‌ಹೇಲರ್ ಅಗ್ಗ, ಜೋಡಿಯದು ದುಬಾರಿ, ಬಡವರು ಏನು ಮಾಡಬೇಕು? ನ್ಯಾಯವಾದ ಪ್ರಶ್ನೆ. ಆದರೆ ಉಲ್ಬಣಿಸಿ ಒಮ್ಮೆ ಆಸ್ಪತ್ರೆ ಸೇರಿದರೆ ಕೂಲಿಯವರ ಮನೆಯಲ್ಲಿ ಆಗುವ ಸಾಲಕ್ಕೆ ಎಷ್ಟೋ ತಿಂಗಳ ಮದ್ದು ಬರುತ್ತದೆ. ಬುಡೆಸೊನೈಡ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮದ್ದು. ಸರ್ಕಾರಿ ಆಸ್ಪತ್ರೆಯ ಕಪಾಟಿನಲ್ಲಿ ಮಾತ್ರೆ, ಸಿರಪ್‌ಗಳಿಗೆ ಸಿಗುವ ಜಾಗ ಅದಕ್ಕೆ ಸಿಗಬೇಕೆಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಜೋಡಿ ಇನ್‌ಹೇಲರ್ ಕೊಳ್ಳಲಾಗದವರಿಗೂ ದಾರಿಯಿದೆ: ಸಾಲ್ಬುಟಮಾಲ್ ಎಳೆದಾಗಲೆಲ್ಲ ಜೊತೆಗೆ ಸ್ಟಿರಾಯ್ಡ್ ಇನ್‌ಹೇಲರನ್ನೂ ಎಳೆಯುವ ಕ್ರಮವನ್ನು ಅದೇ ಮಾರ್ಗದರ್ಶಿ ಒಪ್ಪುತ್ತದೆ.

ಸ್ಟಿರಾಯ್ಡ್ ಎಂಬ ಹೆಸರು ಕೇಳಿದೊಡನೆ ತಾಯಂದಿರು ಬೆಚ್ಚುತ್ತಾರೆ. ಅವರಿಗೆ ಸುಳ್ಳು ಧೈರ್ಯ ಹೇಳಬಾರದು. ಬಾಯಲ್ಲಿ ಬಿಳಿ ಅಗ್ರ, ಧ್ವನಿ ಒಡೆಯುವುದು ಉಂಟು. ಇನ್‌ಹೇಲರಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಬಳಸಿ, ಮದ್ದಿನ ನಂತರ ಬಾಯಿ ಮುಕ್ಕಳಿಸಿ ಉಗಿದರೆ ಅದು ಬಹಳಷ್ಟು ತಗ್ಗುತ್ತದೆ. ವರ್ಷಗಟ್ಟಲೆ ದಿನವೂ ಬುಡೆಸೊನೈಡ್ ಬಳಸಿದ ಮಕ್ಕಳು ಬೆಳೆದು ದೊಡ್ಡವರಾದಾಗ ಎತ್ತರದಲ್ಲಿ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇದ್ದರೆಂದು ಅಮೆರಿಕದ ದೀರ್ಘ ಅಧ್ಯಯನವೊಂದು 2012ರಲ್ಲಿ ವರದಿ ಮಾಡಿತು. ಒಂದು ಸೆಂಟಿಮೀಟರ್ ಎತ್ತರವನ್ನು ಒಂದು ತಕ್ಕಡಿಯಲ್ಲಿಟ್ಟು ಇನ್ನೊಂದರಲ್ಲಿ ಏನಿದೆ ಎಂದು ನೋಡಬೇಕು: ತಪ್ಪಿದ ಶಾಲಾದಿನಗಳು, ನಿದ್ದೆಯಿಲ್ಲದ ರಾತ್ರಿಗಳು, ಉಲ್ಬಣಿಸಿದಾಗಲೆಲ್ಲ ನುಂಗಬೇಕಾದ ಸ್ಟಿರಾಯ್ಡ್ ಮಾತ್ರೆಗಳು. ಆ ಮಾತ್ರೆಗಳ ಪ್ರಮಾಣ ಮಿಲಿಗ್ರಾಂಗಳಲ್ಲಿ, ಇನ್‌ಹೇಲರ್‌ನದು ಮೈಕ್ರೋಗ್ರಾಂಗಳಲ್ಲಿ. ಮೂಳೆ ಸವೆತ, ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ ಹೆಚ್ಚಾಗಿ ಬರುವುದು ಮತ್ತೆ ಮತ್ತೆ ನುಂಗಿದ ಆ ಮಾತ್ರೆಗಳಿಂದ.

ಒಂದು ಎಚ್ಚರಿಕೆ ಹೇಳದೆ ಬಿಡುವಂತಿಲ್ಲ. ಬೀಡಿ ಸಿಗರೇಟಿನಿಂದಲೋ ಸೌದೆ ಒಲೆಯ ಹೊಗೆಯಿಂದಲೋ ನಡುವಯಸ್ಸು ದಾಟಿದವರಿಗೆ ಬರುವ ಸಿಒಪಿಡಿ ಬೇರೆ ಕಾಯಿಲೆ. ಅಲ್ಲಿ ನಾಳ ಹಿಗ್ಗಿಸುವ ದೀರ್ಘಕಾಲದ ಮದ್ದುಗಳೇ ಚಿಕಿತ್ಸೆಯ ಮೂಲ, ಸ್ಟಿರಾಯ್ಡ್ ಎಲ್ಲರಿಗೂ ಬೇಕಿಲ್ಲ, ಕೆಲವರಲ್ಲಿ ಅದು ನ್ಯುಮೋನಿಯಾ ಸಂಭವವನ್ನು ಹೆಚ್ಚಿಸುತ್ತದೆ. ನಾನು ಇವತ್ತು ಹೇಳಿದ್ದನ್ನು ಕೇಳಿ ಅಜ್ಜನ ಟಿಯೋಟ್ರೋಪಿಯಂ ನಿಲ್ಲಿಸಬೇಡಿ. ಉಸಿರಿನ ಪರೀಕ್ಷೆ ಮಾಡಿಸಿ, ಯಾವ ಕಾಯಿಲೆ ಎಂದು ಬರೆಸಿಕೊಳ್ಳಿ.

ಹಾಗಾದರೆ ಅಸ್ತಮಾ ಇರುವ ಮನೆಯಲ್ಲಿ ಎಣಿಸಬೇಕಾದದ್ದು ಯಾವುದು? ಎದೆಬಡಿತವನ್ನಲ್ಲ, ಖಾಲಿಯಾದ ಡಬ್ಬಿಗಳನ್ನು. ಒಂದು ನೀಲಿ ಇನ್‌ಹೇಲರ್‌ನಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತವೆ. ಸ್ವೀಡನ್ನಿನ ಮೂರೂವರೆ ಲಕ್ಷಕ್ಕೂ ಮಿಕ್ಕ ರೋಗಿಗಳ ದಾಖಲೆ ಆಧರಿಸಿ 2020ರಲ್ಲಿ ಬಂದ ಅಧ್ಯಯನದ ಪ್ರಕಾರ ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಬಳಸುವವರಲ್ಲೇ ಉಲ್ಬಣವೂ ಸಾವಿನ ಪ್ರಮಾಣವೂ ಏರತೊಡಗುತ್ತವೆ. ಮೂರನೆಯ ಡಬ್ಬಿ ಕೊಳ್ಳುವಾಗ ಔಷಧಿ ಅಂಗಡಿಯವರು ‘ಊತಕ್ಕೆ ಮದ್ದು ತಗೋತಿದ್ದೀರಾ?’ ಎಂದು ಒಂದು ಮಾತು ಕೇಳಿದರೆ, ಅದು ಎಷ್ಟೋ ತಪಾಸಣೆಗಿಂತ ಮಿಗಿಲು. ಅದರ ಜೊತೆಗೇ ಇನ್ನೊಂದು ಮಾತನ್ನೂ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಈ ಉಪನ್ಯಾಸ ಕೇಳಿ ಯಾರೂ ಕಷ್ಟದ ಹೊತ್ತಿನಲ್ಲಿ ಕೈ ಹಿಂತೆಗೆಯಬಾರದು. ಉಸಿರು ಕಟ್ಟಿ, ಒಂದು ವಾಕ್ಯ ಪೂರ್ತಿ ಆಡಲಾಗದ ಸ್ಥಿತಿ ಬಂದಾಗ ನೀಲಿ ಇನ್‌ಹೇಲರ್ ಒಂದೇ ಇದ್ದರೆ ಅದೇ ಪ್ರಾಣ ಉಳಿಸುವ ಮದ್ದು. ಸ್ಪೇಸರ್ ಮೂಲಕ ನಾಲ್ಕರಿಂದ ಹತ್ತು ಪಫ್, ಇಪ್ಪತ್ತು ನಿಮಿಷಕ್ಕೊಮ್ಮೆ, ಮೊದಲ ಒಂದು ಗಂಟೆ ಕೊಡಬಹುದು. ನಡುಕಕ್ಕೂ ಎದೆಬಡಿತಕ್ಕೂ ಹೆದರಿ ನಿಲ್ಲಿಸಬೇಕಿಲ್ಲ. ಹಾಗೆ ಕೊಡುತ್ತಲೇ ಗಾಡಿ ಹತ್ತಿಸಿ. ಬ್ರಿಟನ್ನಿನ ಆ ಪರಿಶೀಲನೆಯಲ್ಲಿ ಸತ್ತವರಲ್ಲಿ ಶೇ 45ರಷ್ಟು ಜನ ವೈದ್ಯರ ನೆರವು ಕೇಳದೆಯೋ ಅದು ತಲುಪುವ ಮೊದಲೋ ಹೋಗಿಬಿಟ್ಟಿದ್ದರು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿ, ಉಸಿರು ಹದಕ್ಕೆ ಬಂದು, ‘ಇನ್ನು ಮನೆಗೆ ಹೋಗಿ’ ಎಂದಾಗ ಎದ್ದು ಬರಬೇಡಿ. ಊತ ಇಳಿಸುವ ಇನ್‌ಹೇಲರ್ ಯಾವುದು, ಎಷ್ಟು ದಿನ, ಹೇಗೆ ಎಳೆಯಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು, ಎಳೆಯುವ ಬಗೆಯನ್ನು ಅಲ್ಲಿಯೇ ಒಮ್ಮೆ ಮಾಡಿ ತೋರಿಸಿ, ಆಮೇಲೆ ಹೊರಡಿ.